ಚಿಕ್ಕಮ್ಮನ ಮನೆಯ ವಿಳಾಸ

ಕೋರಾ ಸಲಿಕೆಯಿಂದ ಹಿಮ ಎತ್ತಿ ಪಕ್ಕಕ್ಕೆ ಸುರಿಯುತ್ತಿದ್ದಳು. ಅಮ್ಮ ಅವಳನ್ನು ಚಿಕ್ಕಮ್ಮನ ಮನೆ ಮುಂದೆ ಇಳಿಸಿ ಆಗಲೇ ಕೆಲಸಕ್ಕೆ ಹೋಗಿದ್ದಳು. ಹೊಸ ಹಿಮದ ಮೇಲೆ ರಸ್ತೆಯಿಂದ ಮನೆಯತ್ತ ಹೋದ ಹೆಜ್ಜೆ ಕಂಡರೆ ಅವಳು ಹೊರಗಿನಿಂದ ಬಂದದ್ದು ಗೊತ್ತಾಗಿಬಿಡುತ್ತದೆ. ಅದಕ್ಕೇ ಒಂದೊಂದು ಅಡಿ ಬಿಡಿಸಿಕೊಂಡು ಮುಂದೆ ಸಾಗಿದ್ದಳು.

ಅಕ್ಟೋಬರಿನಲ್ಲಿ ಬಾಡಿಗೆ ಏರಿ ತಾಯಿ ಮಗಳು ನದಿಯಾಚೆಯ ಊರು ಸೇರಿದ್ದರು. ಈ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಓದಬೇಕಾದರೆ ಈ ಊರಿನಲ್ಲೇ ಮಲಗಿ ಏಳಬೇಕು. ಕೋರಾಗೆ ಇದು ಕೊನೆಯ ವರ್ಷ. ರೋಗಿಗಳ ಆರೈಕೆ ಕಲಿಸುವ ತರಗತಿ ಇಲ್ಲಿತ್ತು. ಆಚೆಯ ಶಾಲೆಯಲ್ಲಿ ಇರಲಿಲ್ಲ. ಜೂನ್‌ನಲ್ಲಿ ಅದು ಮುಗಿದರೆ ವೃದ್ಧಾಶ್ರಮದಲ್ಲಿ ಕೆಲಸ ಖಂಡಿತ. ಹಾಗಾಗಿ ಶಾಲೆಯ ಕಾಗದದಲ್ಲಿ ಅವಳು ಲುಆನ್ ಚಿಕ್ಕಮ್ಮನ ಮನೆಯವಳು.

ಕೊನೆಯ ಮೆಟ್ಟಿಲು ಬಿಡಿಸುವಾಗ ಹಿಂದೆ ಕಾರಿನ ಬಾಗಿಲು ಸದ್ದಾಯಿತು. ವೆಂಡೆಲ್ ಪ್ರುಯಿಟ್. ಪೊಲೀಸ್ ಕೆಲಸದಿಂದ ನಿವೃತ್ತನಾಗಿ ಈಗ ಶಾಲೆಗಾಗಿ ಮಕ್ಕಳ ವಿಳಾಸ ಪರೀಕ್ಷಿಸುವವನು. ಮನೆಗೇ ಬಂದು ಮಲಗುವ ಮಂಚ ನೋಡಿ ಹೋಗುವ ಅವನನ್ನು ಹುಡುಗರು ಮಂಚದ ಪ್ರುಯಿಟ್ ಎನ್ನುತ್ತಿದ್ದರು.

ಚಿಕ್ಕಮ್ಮ ನೈಟಿಯಲ್ಲೇ ಬಾಗಿಲು ತೆಗೆದಳು.

"ಏನೋ ವೆಂಡೆಲ್, ನಮ್ಮ ಜೊತೆ ಓದುವಾಗ ಮೂರನೇ ಪೀರಿಯಡ್‌ಗೇ ಹಿಂದಿನ ಬಾಗಿಲಿಂದ ಮಾಯ ಆಗ್ತಿದ್ದೆ. ಈಗ ಬೇರೆಯವರ ಮಕ್ಕಳನ್ನ ಹಿಡಿಯೋಕೆ ಬಂದ್ಯಾ?"

"ಮಾಯ ಆಗೋದು ಹೇಗೆ ಅಂತ ಗೊತ್ತಿರೋದಕ್ಕೇ ಈ ಕೆಲಸ ಕೊಟ್ಟಿದ್ದಾರೆ ಲುಆನ್. ಹುಡುಗಿ ಕೋಣೆ ತೋರ್ಸು."

ಕೋಣೆಯಲ್ಲಿ ಎಲ್ಲವೂ ಇತ್ತು. ಮಂಚ, ಪುಸ್ತಕ, ಗೋಡೆಗೆ ತೂಗುಹಾಕಿದ ಆರೈಕೆ ತರಗತಿಯ ನೀಲಿ ಅಂಗಿ. ಅವನು ಕಾಗದದಲ್ಲಿ ಗುರುತು ಹಾಕುತ್ತಾ ಹೋದ. ಕೋರಾ ಅವನ ಪೆನ್ನನ್ನೇ ನೋಡುತ್ತಿದ್ದಳು. ಅಡುಗೆಮನೆಗೆ ಬಂದಾಗ ಪೆನ್ನು ನಿಂತಿತು.

"ಹಿಮ ನೀನೇ ಎತ್ತಿದ್ದಾ, ಮಗಳೇ?"

"ಹೌದು ಸರ್."

"ಚೆನ್ನಾಗಿ ಎತ್ತಿದೀಯ. ನಾನು ಬಂದಾಗ ನೀನು ದಾರಿ ಮಧ್ಯದಲ್ಲಿದ್ದೆ. ನಾನು ಕಾರಲ್ಲೇ ಕೂತು ನೋಡ್ತಿದ್ದೆ. ಬಾಗಿಲ ಮುಂದೆ ಮೊಣಕಾಲುದ್ದ ಹಿಮ ಹಾಗೇ ಇತ್ತು, ಒಂದು ಹೆಜ್ಜೆನೂ ಇರ್ಲಿಲ್ಲ. ಮತ್ತೆ ಮನೆಯಿಂದ ಹೊರಗೆ ಹೇಗೆ ಬಂದೆ?"

"ಗ್ಯಾರೇಜಿಂದ ಬಂದ್ಲು," ಎಂದಳು ಚಿಕ್ಕಮ್ಮ ತಟ್ಟನೆ.

ಪ್ರುಯಿಟ್ ಕಿಟಕಿಯಾಚೆ ನೋಡಿದ. ಗ್ಯಾರೇಜಿನ ಬಾಗಿಲಿಗೆ ಒರಗಿ ಹಿಮದ ಗುಡ್ಡೆ ನುಣ್ಣಗೆ ಕೂತಿತ್ತು.

"ಹಾರ್ಕೊಂಡು ಬಂದ್ಲು ಅನ್ನು ಲುಆನ್, ಬೇಕಾದ್ರೆ ನಂಬ್ತೀನಿ."

ಚಿಕ್ಕಮ್ಮನಿಗೆ ನಗು ಬರಲಿಲ್ಲ. ಕಾಫಿ ಲೋಟ ತೆಗೆದವಳು ಹಾಗೇ ಮತ್ತೆ ಇಟ್ಟಳು. ಇಷ್ಟು ದಿನ ಕೋರಾ ಪರವಾಗಿ ಸುಳ್ಳು ಹೇಳಿದವರೆಲ್ಲ ದೊಡ್ಡವರು, ಅಮ್ಮ, ಚಿಕ್ಕಮ್ಮ. ತರಗತಿಯಲ್ಲಿ ಕೈ ಎತ್ತಲೂ ಅವಳಿಗೆ ಮೈ ಬೆವರುತ್ತಿತ್ತು. ಈಗ ಮಾತಾಡಲು ಅವಳ ಹೊರತು ಯಾರೂ ಉಳಿದಿರಲಿಲ್ಲ.

"ನದಿಯಾಚೆ ಇದೀವಿ ಸರ್," ಎಂದಳು. "ದಿನಾ ಐದಕ್ಕೆ ಎದ್ದು ಬರ್ತೀನಿ. ಒಂದು ದಿನಾನೂ ತಪ್ಪಿಸಿಲ್ಲ."

ಪ್ರುಯಿಟ್ ತಲೆ ಎತ್ತಲಿಲ್ಲ. ವಿದ್ಯಾರ್ಥಿ ಇಲ್ಲೇ ವಾಸವೇ, ಹೌದೋ ಅಲ್ಲವೋ ಎಂದು ಕೇಳುವ ಕಾಗದದ ಕೊನೆಯ ಸಾಲಿನ ಮೇಲೆ ಪೆನ್ನು ನಿಂತೇ ಇತ್ತು. ತಿರುವಿನಲ್ಲಿ ಶಾಲೆಯ ಬಸ್ಸು ನಿಂತು, ಕೋರಾಗಾಗಿ ಕಾದು, ಹೊರಟಿತು.

"ಜೂನ್‌ವರೆಗೆ ಓದೋಕೆ ಬಿಡಿ ಸರ್."