ಮಿಕ್ಸರ್ ಹಚ್ಚಿ ಕರೆದದ್ದು

ಪದ್ಮಾಕರರಿಗೆ ಕಿವಿ ಮಂದವಾಗಿದೆ ಎಂದು ಬೆಳಗಾವಿಯ ಅವರ ಓಣಿಯೆಲ್ಲ ನಂಬಿತ್ತು. ನಂಬದವರು ಹೆಂಡತಿ ಸುಂದರಾಬಾಯಿ ಒಬ್ಬರೇ. ಮನೆಯಲ್ಲಿ ಚಹಾ ಬೇಕೇ ಎಂದರೆ ಗೋಡೆ ನೋಡುತ್ತ ಕೂಡುವ ಈ ಮಹಾರಾಯರು, ಉದ್ಯಮಬಾಗದ ತಮ್ಮ ಫೌಂಡ್ರಿಯ ಗದ್ದಲದಲ್ಲಿ ಎಲ್ಲರಿಗೂ ತಪ್ಪದೆ ಉತ್ತರ ಕೊಡುವುದನ್ನು ಆಕೆ ಕಣ್ಣಾರೆ ಕಂಡಿದ್ದರು. ತನ್ನ ಮಾತೆಂದರೆ ಇವರಿಗೆ ಅಷ್ಟು ಬೇಸರ ಎಂದು ಒಳಗೊಳಗೇ ನೊಂದುಕೊಂಡಿದ್ದರು.

ಖಾನಾಪುರದ ತವರಿನಿಂದ ಮರಳುವಾಗ ಬಸ್ಸಿನ ಕಿಟಕಿ, ಸೀಟು ಎಲ್ಲವೂ ಗಡಗಡ ಎನ್ನುತ್ತಿದ್ದವು. ಸುಂದರಾಬಾಯಿ ಪಕ್ಕದಲ್ಲಿದ್ದ ತಂಗಿಗೆ ಹೇಳಿದರು:

“ಇವರದು ಬರೇ ಸೋಗು. ಮುಂದಿನ ಜನ್ಮದಾಗ ಈ ಮನುಷ್ಯಾ ಬ್ಯಾಡವಾ ನನಗ.”

ಮುಂದಿನ ಸೀಟಿನಲ್ಲಿದ್ದ ಪದ್ಮಾಕರರು ತಿರುಗಿದರು.

“ಈ ಜನ್ಮಾ ಇನ್ನೂ ಮುಗದಿಲ್ಲಲಾ. ಮುಂದಿಂದು ಆಮ್ಯಾಲೆ ನೋಡೂಣು.”

ಆಕೆಯ ಸಿಟ್ಟು ನೆತ್ತಿಗೇರಿತು. ಮರುದಿನವೇ ಗಂಡನನ್ನು ಕಿವಿಯ ಡಾಕ್ಟರರ ಮುಂದೆ ಕೂಡಿಸಿದರು. ಸೋಗೆಂದು ಗೊತ್ತಾದರೆ ಖಾನಾಪುರದಲ್ಲೇ ಇದ್ದುಬಿಡುವುದೆಂದು ಮನಸ್ಸಿನಲ್ಲಿ ನಿಶ್ಚಯಿಸಿಯೇ ಬಂದಿದ್ದರು.

ಡಾಕ್ಟರ್ ಮಯೂರಿ ಎಲ್ಲ ಪರೀಕ್ಷೆ ಮುಗಿಸಿ ಹೇಳಿದರು: “ಖರೇನ ಕೇಳಸೂದಿಲ್ರೀ ಇವರಿಗೆ. ಕಿವಿ ಒಳಗ ಒಂದು ಸಣ್ಣ ಎಲುಬು ಇರ್ತದ, ಅದು ಅಲುಗಿದ್ರ ಸಪ್ಪಳ ಒಳಗ ಹೋಗ್ತದ. ಇವರದು ಬಿಗಿದು ಕುಂತದ. ವಯಸ್ಸಾದವರಾಗ ಕಿವುಡಿಗೆ ಇದು ಕಾರಣ ಆಗೂದು ಕಡಿಮಿ. ಆಪರೇಷನ್ ಮಾಡಿದ್ರ ಸುಧಾರಸ್ತದ.”

“ಮತ್ತ ಬಸ್ಸಿನಾಗ ಹ್ಯಾಂಗ ಕೇಳಿಸ್ತು?”

“ಗದ್ದಲದಾಗ ನಾವೆಲ್ಲಾ ದನಿ ಏರಸ್ತೀವಿ. ಇವರಿಗೆ ಆ ಗದ್ದಲ ಅಷ್ಟು ತಟ್ಟೂದಿಲ್ಲ, ಏರಿಸಿದ ಮಾತು ಮಾತ್ರ ತಲುಪ್ತದ. ಮನ್ಯಾಗ ನೀವು ಮೆಲ್ಲಕ ಮಾತಾಡ್ತೀರೇನು?”

ಸುಂದರಾಬಾಯಿ ಹೌದೆಂದು ತಲೆಯಾಡಿಸಿದರು. ಅತ್ತೆ-ಮಾವ, ಭಾವಂದಿರು ತುಂಬಿದ್ದ ಮನೆಗೆ ಸೊಸೆಯಾಗಿ ಬಂದಾಗ ಇಳಿಸಿದ ದನಿ ಅದು. ಹಿರಿಯರೆಲ್ಲ ಹೋದ ಮೇಲೂ ಏರಿರಲಿಲ್ಲ. ಗಂಡನ ಹೆಸರನ್ನಂತೂ ಎಂದೂ ಬಾಯಿಗೆ ತಂದವರಲ್ಲ. ಅಡಿಗೆಮನೆಯ ಬಾಗಿಲ ಮರೆಯಿಂದ ಒಂದು “ಏನ್ರೀ” ಅಂದರೆ ಮುಗಿಯಿತು. ಪಾಪ, ಆ ಮನುಷ್ಯನ ಮೇಲೆ ಎಷ್ಟು ದಿನ ಸುಮ್ಮನೆ ಮುನಿದೆ ಎಂದು ಮರುಗಿದರು.

ಅಂದು ಸಂಜೆ ಪದ್ಮಾಕರರು ಪಡಸಾಲೆಯಲ್ಲಿ ಗೋಡೆ ನೋಡುತ್ತ ಕೂತಿದ್ದರು. ಸುಂದರಾಬಾಯಿ ಅಡಿಗೆಮನೆಯಲ್ಲಿ ಖಾಲಿ ಮಿಕ್ಸರ್ ಹಚ್ಚಿದರು. ಅದು ಗರ್ರೆಂದು ಮನೆಯನ್ನೇ ತುಂಬಿತು. ಅದರ ಮೇಲೆ ದನಿ ಎತ್ತಿ ಕರೆದರು:

“ಪದ್ಮಾಕರ್ರೀ, ಚಹಾ ಕುಡೀತೀರೇನು?”

ಪದ್ಮಾಕರರು ಎದ್ದು ಬಂದು ಬಾಗಿಲಲ್ಲಿ ನಿಂತರು. ಸುಂದರಾಬಾಯಿ ನಾಚಿ ಮಿಕ್ಸರ್ ಆರಿಸಿದರು.

“ಚಹಾ ಇರ್ಲಿ,” ಎಂದರು ಅವರು. “ಅದನ್ನ ಮತ್ತ ಹಚ್ಚು. ಇನ್ನೊಮ್ಮೆ ಕರಿ.”