ಕರಿಮರದ ಕೊರಳಪಟ್ಟಿ

ನನ್ನದು ಸಂಶಯದ ಬುದ್ಧಿ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಮರದ ಹೂಜಿಗಳಿಗೆ ಪಾಲಿಶ್ ಮಾಡುವವಳಿಗೆ ಸಂಶಯ ಇರಲೇಬೇಕು. ಇಪ್ಪತ್ತೆರಡು ವರ್ಷದಿಂದ ತಮ್ಮನ ವರ್ಕ್‌ಶಾಪಿನಲ್ಲಿ ಕಿಟಕಿ ಪಕ್ಕದ ಬೆಂಚಿನ ಮೇಲೆ ಕೂತು ಅದನ್ನೇ ಮಾಡಿದ್ದೇನೆ. ಅವನು ಲೇತಿನ ಮೇಲೆ ಕಡೆದು ಕೊಡುತ್ತಾನೆ. ನಾನು ಸ್ಯಾಂಡ್‌ಪೇಪರಿನಿಂದ ತಿಕ್ಕಿ, ಎಣ್ಣೆ ಕುಡಿಸಿ, ಅರಗು ಹಚ್ಚಿ ಹೊಳಪು ಬರಿಸುತ್ತೇನೆ. ಎಲ್ಲಿ ಉಳಿ ಜಾರಿದೆ, ಎಲ್ಲಿ ಮರ ಬಿರುಕು ಬಿಡಲು ಹೊಂಚು ಹಾಕುತ್ತಿದೆ ಎಂಬುದು ಮೊದಲು ಗೊತ್ತಾಗುವುದು ನನಗೆ. ಗೊತ್ತಾದದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುವುದು ನನ್ನ ಕೆಟ್ಟ ಚಾಳಿ.

ತಮ್ಮ ಇದಕ್ಕೆ ತದ್ವಿರುದ್ಧ. ಶುದ್ಧ ಗುಮ್ಮನಗುಸಕ. ನಾನು ಕೆಲಸಕ್ಕೆ ಬಂದ ಮೊದಲ ದಿನ ಅವನು ಆಡಿದ್ದು ಒಂದೇ ಮಾತು, ಬಳೆ ಬಿಚ್ಚಿಡು, ಲೇತಿಗೆ ಸಿಕ್ಕಿದರೆ ಕೈ ಹೋಗುತ್ತದೆ ಎಂದು. ಬಿಚ್ಚಿ ಸ್ವಿಚ್‌ಬೋರ್ಡಿನ ಪಕ್ಕದ ಮೊಳೆಗೆ ನೇತು ಹಾಕಿದೆ. ಮತ್ತೆ ಹಾಕಿಕೊಳ್ಳಲಿಲ್ಲ, ಆಮೇಲೆ ಅದರ ನೆನಪೂ ಹೋಯಿತು.

ಅವನ ಹೂಜಿಗಳಿಗೆ ಹೆಸರು ಬಂದದ್ದು ಬಾಯಿಯಿಂದ. ಅವನ ಬಾಯಿಯಿಂದ ಅಲ್ಲ, ಹೂಜಿಯ ಬಾಯಿಯಿಂದ. ಒಂದೇ ಮರದ ತುಂಡು, ಹೆಬ್ಬೆರಳು ಮಾತ್ರ ಹೋಗುವಷ್ಟು ತೂತು. ಆ ತೂತಿನೊಳಗೆ ಕೊಕ್ಕೆಯ ಉಳಿ ತೂರಿಸಿ, ಕಣ್ಣಿಗೆ ಕಾಣದ ಒಡಲನ್ನು ಕೆರೆದು ಕೆರೆದು ಗೋಡೆಯನ್ನು ಎಲ್ಲ ಕಡೆ ಒಂದೇ ಸಮ ತೆಳು ಮಾಡುತ್ತಿದ್ದ. ಗೋಡೆ ಎಷ್ಟು ಉಳಿದಿದೆ ಎಂಬುದು ಉಳಿಯ ಹಿಡಿಯ ನಡುಕದಿಂದಲೇ ಅವನ ಕೈಗೆ ತಿಳಿಯುತ್ತಿತ್ತು. ಬೇರೆಯವರು ಬಾಯಿ ಅಗಲ ಕೊರೆದು, ಸಲೀಸಾಗಿ ಒಳಗೆ ಕೆರೆದು, ಕೊನೆಗೆ ಬೇರೆ ಬಣ್ಣದ ಮರದ ಬಳೆಯೊಂದನ್ನು ಕೂರಿಸಿ ಬಾಯಿಯನ್ನು ಮತ್ತೆ ಕಿರಿದು ಮಾಡುತ್ತಾರೆ. ಅದೇ ಕೊರಳಪಟ್ಟಿ. ಅಂಥದ್ದನ್ನು ಕಂಡರೆ ತಮ್ಮ ಮುಖ ತಿರುಗಿಸುತ್ತಿದ್ದ. ತೇಪೆ ಎನ್ನುತ್ತಿದ್ದ.

ಅಂಥವನು ಒಂದು ಬೆಳಿಗ್ಗೆ ಬೆಣ್ಣೆಬಣ್ಣದ ಮರದ ದಪ್ಪ ತುಂಡೊಂದನ್ನು ಲೇತಿಗೆ ಏರಿಸುತ್ತಾ, ಇದಕ್ಕೆ ಕರಿಮರದ ಕೊರಳಪಟ್ಟಿ ಕೂರಿಸೋಣ ಅಂತಿದ್ದೀನಿ ಎಂದ. ನನ್ನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಇವನು ಹೀಗೆ ಸುಮ್ಮನೆ ಬದಲಾಗುವ ಆಸಾಮಿಯಲ್ಲ. ಯಾಕೆ ಎಂದು ಕೇಳಿದೆ. ಚೆನ್ನಾಗಿ ಕಾಣುತ್ತೆ ಎಂದು ಲೇತ್ ಶುರು ಮಾಡಿದ.

ನಿಜ ಹೇಳಬೇಕೆಂದರೆ ಅನುಮಾನ ಅವತ್ತು ಹುಟ್ಟಿದ್ದಲ್ಲ. ಕೆಲವು ತಿಂಗಳಿಂದ ಅವನು ನಾನು ತಿಕ್ಕಿ ಕೊಟ್ಟದ್ದನ್ನು ಬೆರಳಿನಿಂದ ಸವರಿ ನೋಡುವುದನ್ನು ಬಿಟ್ಟಿದ್ದ. ನುಣುಪಾಗಿದೆಯಾ ಅಕ್ಕ, ನಿಜವಾಗಲೂ ಆಗಿದೆಯಾ ಎಂದು ಕೇಳುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕೇಳದವನು. ನಾನು ಹೂಂ ಎಂದರೂ ಹೂಜಿಯನ್ನು ಎತ್ತಿ ಕೆನ್ನೆಗೆ ಉಜ್ಜಿಕೊಳ್ಳುತ್ತಿದ್ದ. ಮುದ್ದು ಉಕ್ಕಿ ಬಂತೇನೋ ಎಂದು ಆಡಿಕೊಂಡೆ. ಒಳಗೊಳಗೇ ಮಾತ್ರ ಉರಿಯಿತು. ನನ್ನ ಕೆಲಸದಲ್ಲಿ ಹುಳುಕು ಹುಡುಕುತ್ತಿದ್ದಾನೆ, ಸಿಕ್ಕಿದ ಕೂಡಲೇ ವಯಸ್ಸಾಯಿತು, ಮನೆಯಲ್ಲಿ ಹಾಯಾಗಿರು ಎನ್ನುತ್ತಾನೆ ಎಂದು ಲೆಕ್ಕ ಹಾಕಿದೆ. ಆ ಬೆಂಚು ಬಿಟ್ಟರೆ ನನಗೆ ನನ್ನದು ಎನ್ನುವ ಜಾಗ ಇನ್ನೊಂದಿಲ್ಲ. ಮನೆ ಅವನದು, ಅಡುಗೆಮನೆ ಅವನ ಹೆಂಡತಿಯದು.

ಅನುಮಾನಕ್ಕೆ ಮುಖ ಸಿಕ್ಕಿದ್ದು ಆ ವಾರವೇ. ಅವನ ಹೆಂಡತಿಯ ತಂಗಿ, ಶಾಲೆಯಲ್ಲಿ ಚಿತ್ರ ಕಲಿಸುವವಳು, ದಿನಾ ಸಂಜೆ ವರ್ಕ್‌ಶಾಪಿಗೆ ಬರತೊಡಗಿದಳು. ನಾವೆಲ್ಲ ಅವಳನ್ನು ಟೀಚರ್ ಎಂದೇ ಕರೆಯುವುದು. ಕೊರಳಪಟ್ಟಿಯ ಚಿತ್ರ ಬರೆದುಕೊಡಲು ಭಾವ ಕರೆದಿದ್ದಾರೆ ಎಂದಳು. ಕಪ್ಪು ಕಾಗದದಲ್ಲಿ ಬಳೆಗಳನ್ನು ಕತ್ತರಿಸಿ, ಒಂದೊಂದನ್ನೇ ಹೂಜಿಯ ಹೆಗಲ ಮೇಲಿಟ್ಟು, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಅಗಲದ ಬಳೆ ಇಟ್ಟರೆ ಹೂಜಿ ಟೋಪಿ ಹಾಕಿಕೊಂಡ ಹಾಗೆ ಕಾಣುತ್ತಿತ್ತು. ಸುಮ್ಮನಿರಬೇಕೆಂದುಕೊಂಡೆ, ಆಗಲಿಲ್ಲ. ಕಪ್ಪು ಬಣ್ಣ ಇರುವುದಕ್ಕಿಂತ ಭಾರ ಕಾಣುತ್ತದೆ, ಅರ್ಧಕ್ಕೆ ಇಳಿಸಿ ಎಂದೆ. ಎರಡು ಮರ ಸೇರುವ ಕಡೆ ಸಣ್ಣದೊಂದು ಗೀರು ಕೊಡಿ, ಅಂಟಿನ ಗೆರೆ ಅದರಲ್ಲಿ ಮುಚ್ಚಿಹೋಗುತ್ತದೆ ಎಂದೆ. ಕರಿಮರದ ಎಳೆ ಕೆಳಗಿನ ಮರದ ಎಳೆಯ ದಿಕ್ಕಿಗೇ ಇರಬೇಕು, ಇಲ್ಲದಿದ್ದರೆ ಒಂದು ಹಿಗ್ಗಿ ಇನ್ನೊಂದು ಕುಗ್ಗಿ ವರ್ಷದೊಳಗೆ ಕಿತ್ತುಕೊಳ್ಳುತ್ತದೆ ಎಂದೂ ಹೇಳಿದೆ. ಅವಳು ಎಲ್ಲವನ್ನೂ ನಗುನಗುತ್ತಾ ಬರೆದುಕೊಂಡಳು. ನನ್ನ ವಿದ್ಯೆಯನ್ನು ನನ್ನ ಕೈಯಿಂದಲೇ ಕಸಿಯುತ್ತಿದ್ದಾಳೆ ಎಂದು ಆಮೇಲೆ ಹೊಳೆದು ನಾಲಿಗೆ ಕಚ್ಚಿಕೊಂಡೆ.

ಒಂದು ವಿಷಯದಲ್ಲಿ ಮಾತ್ರ ಅವಳು ಜಗ್ಗಲಿಲ್ಲ. ಕೊರಳಪಟ್ಟಿಯ ಕೆಳಗೆ ಬರುವ ದೊಡ್ಡ ತೂತನ್ನು ಇನ್ನೂ ಸ್ವಲ್ಪ ಅಗಲ ಮಾಡಿದರೆ ಕೆರೆಯುವುದು ಸುಲಭವಲ್ಲವೇ ಎಂದು ಕೇಳಿದೆ.

"ಅದನ್ನ ಮಾತ್ರ ಮುಟ್ಟಬೇಡ ಅಂದಿದ್ದಾರೆ ಭಾವ," ಎಂದಳು. "ಉಳಿದಿದ್ದೆಲ್ಲ ನಿನ್ನಿಷ್ಟ, ಬಾಯಿ ಅಳತೆ ನಾನು ಕೊಟ್ಟಿದ್ದೇ ಇರಬೇಕು ಅಂತ."

ಮರುದಿನ ಮರದ ಹೊಟ್ಟು ತುಂಬಿದ ಚೀಲವನ್ನು ಹೊರಗೆ ಎಳೆಯುವಾಗ ಒಳಗೇನೋ ಲೊಟಲೊಟ ಎಂದಿತು. ಕೈ ಹಾಕಿದೆ. ಒಡೆದ ಹೂಜಿಗಳು, ಒಂದಲ್ಲ, ಮೂರು. ಹೊಟ್ಟಿನ ತಳದಲ್ಲಿ ಹುದುಗಿಸಿಟ್ಟಿದ್ದವು. ಒಂದರ ಗೋಡೆಯನ್ನು ಉಳಿ ತೂರಿಕೊಂಡು ಹೊರಗೆ ಬಂದಿತ್ತು. ಒಳಗೆಲ್ಲ ಏರು ತಗ್ಗು, ಒಂದು ಕಡೆ ಹಲಗೆ, ಇನ್ನೊಂದು ಕಡೆ ಹಪ್ಪಳ. ಇದು ತಮ್ಮನ ಕೈಯಲ್ಲ, ಮೊನ್ನೆ ಮೊನ್ನೆ ಉಳಿ ಹಿಡಿದವರ ಕೈ ಎಂದು ನೋಡಿದ ಕೂಡಲೇ ತಿಳಿಯಿತು. ಯಾರಿಗೋ ಗುಟ್ಟಾಗಿ ಕಲಿಸುತ್ತಿದ್ದಾನೆ, ಆ ಕಲಿಯುವ ಕೈ ಒಳಗೆ ಹೋಗಲೆಂದೇ ಬಾಯಿ ಅಗಲವಾಗಿದೆ, ಕರಿಮರದ ಅಲಂಕಾರವೆಲ್ಲ ಅದನ್ನು ಮುಚ್ಚಲಿಕ್ಕೆ. ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಒಂದು ಹೊತ್ತು ನನಗೆ ಊಟ ಸೇರಲಿಲ್ಲ.

ಆದರೂ ಸಾಕ್ಷಿ ಬೇಕಲ್ಲ. ತಮ್ಮ ತೂತಿನ ಅಳತೆಗೆಂದು ರದ್ದಿ ಮರದಲ್ಲಿ ಒಂದು ಬಳೆ ಕಡೆದು, ಸ್ವಿಚ್‌ಬೋರ್ಡಿನ ಪಕ್ಕದ ಮೊಳೆಗೆ ಹಾಕಿದ್ದ. ತೂತು ಕೊರೆಯುವಾಗ ಅದನ್ನೇ ಇಟ್ಟು ನೋಡುತ್ತಿದ್ದ. ಅದು ತೀರಾ ಚಿಕ್ಕದು. ತಮ್ಮನ ಕೈ ನಾಲ್ಕು ಬೆರಳಿನ ಗೆಣ್ಣಿನಿಂದ ಮುಂದೆ ಹೋಗದು, ಅದು ನೋಡಿದರೇ ಗೊತ್ತಾಗುತ್ತಿತ್ತು. ಹಾಗಾದರೆ ಅವನು ಅಳತೆ ತೆಗೆದದ್ದು ಬೇರೆಯವರ ಕೈಯದು. ಸಂಜೆ ಅವನು ಹೊರಗೆ ಹೋದಾಗ ಬಳೆಯನ್ನು ಮೊಳೆಯಿಂದ ತೆಗೆದು, ಟೀಚರ್, ಇದು ನಿಮ್ಮ ಕೈಗೆ ಚೆನ್ನಾಗಿ ಕಾಣುತ್ತೆ, ಹಾಕಿಕೊಳ್ಳಿ ನೋಡೋಣ ಎಂದೆ. ಪಾಪ, ಖುಷಿಯಿಂದ ಕೈ ಒಡ್ಡಿದಳು. ಎತ್ತರದ ಹೆಂಗಸು, ಅಗಲ ಅಂಗೈ. ಹೆಬ್ಬೆರಳ ಬುಡದಲ್ಲಿ ಬಳೆ ಗಟ್ಟಿಯಾಗಿ ಸಿಕ್ಕಿಕೊಂಡಿತು. ಒಳಗೂ ಹೋಗದು, ಹೊರಗೂ ಬಾರದು. ಪಾಲಿಶ್ ಎಣ್ಣೆ ಸುರಿದು, ಇಬ್ಬರೂ ಎಳೆದಾಡಿ, ಅವಳ ಕೈ ಕೆಂಪಾದ ಮೇಲೆ ಬಿಟ್ಟಿತು. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಟೀಚರ್ ಅಲ್ಲ. ತಮ್ಮನ ಹೆಂಡತಿಯ ಕೈ ಅವಳಿಗಿಂತಲೂ ದಪ್ಪ. ಅಂದರೆ ನನ್ನ ಕಣ್ಣಿಗೇ ಬೀಳದ ಇನ್ನೊಬ್ಬಳಿದ್ದಾಳೆ. ನಾನು ಮನೆಗೆ ಹೋದ ಮೇಲೆ ಬರುತ್ತಾಳೆ, ನನ್ನ ಬೆಂಚಿನ ಮೇಲೆ ಕೂರುತ್ತಾಳೆ, ನನ್ನ ಅರಗಿನ ಬಟ್ಟೆ ಮುಟ್ಟುತ್ತಾಳೆ. ಮರುದಿನ ಬೆಳಿಗ್ಗೆ ಬಟ್ಟೆಗಳನ್ನು ಎಣಿಸಿದೆ, ಎಲ್ಲವೂ ಇದ್ದವು. ಜಾಣೆ ಎಂದುಕೊಂಡೆ.

ತಮ್ಮ ಬಂದು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡ. ಹೊಗೆಯಾಡುವ ಸ್ಟೀಲ್ ಲೋಟವನ್ನು ಅಂಗೈಯಲ್ಲಿ ಅಪ್ಪಿ ಹಿಡಿದು ಆರಾಮಾಗಿ ನಿಂತಿದ್ದ. ಅವನ ನೆಮ್ಮದಿ ಕಂಡು ನನಗೆ ತಲೆ ಕೆಟ್ಟಿತು. ಚೀಲದಿಂದ ತೆಗೆದಿಟ್ಟಿದ್ದ ಚೂರುಗಳನ್ನೂ ಆ ಅಳತೆಬಳೆಯನ್ನೂ ತಂದು ಅವನ ಮುಂದೆ ಲೇತಿನ ಮೇಲೆ ಸುರಿದೆ.

"ಯಾರದು ಈ ಕೈ?" ಎಂದೆ. "ನಾಳೆಯಿಂದ ನನ್ನ ಬೆಂಚಿನ ಮೇಲೆ ಯಾರು ಕೂರ್ತಾರೆ, ಅದನ್ನ ಹೇಳ್ಬಿಡು. ನಾನೇ ಎದ್ದು ಹೋಗ್ತೀನಿ. ಹಿಂದಿನಿಂದ ದೂಡಿಸಿಕೊಂಡು ಹೋಗೋಳಲ್ಲ ನಾನು."

ಅವನು ಚೂರುಗಳನ್ನು ನೋಡಿದ. ಕದ್ದು ಸಿಕ್ಕಿಬಿದ್ದವನ ಮುಖವಲ್ಲ ಅದು. ನಾಚಿಕೆಪಟ್ಟವನ ಮುಖ.

"ಅವನ್ನ ಒಡೆದಿದ್ದು ನಾನೇ ಅಕ್ಕ."

ಸುಳ್ಳು ಎಂದೆ. ಇಷ್ಟು ಕೆಟ್ಟದಾಗಿ ಕಡೆಯಲು ನಿನಗೆ ಬೇಕೆಂದರೂ ಬರುವುದಿಲ್ಲ ಎಂದೆ. ಅವನು ಲೋಟ ಕೆಳಗಿಟ್ಟು ಎರಡೂ ಅಂಗೈ ನನ್ನ ಮುಂದೆ ಹಿಡಿದ. ಬಿಸಿಗೆ ಕೆಂಡದಂತೆ ಕೆಂಪಾಗಿದ್ದವು. ಅವನಿಗೆ ಅದು ಗೊತ್ತೇ ಇರಲಿಲ್ಲ.

ಮೂವತ್ತು ವರ್ಷ ಉಳಿಯ ನಡುಕ ತಿಂದು ತಿಂದು ಬೆರಳುಗಳು ಜೋಮು ಹಿಡಿದಿವೆಯಂತೆ. ಡಾಕ್ಟರಿಗೆ ತೋರಿಸಿದ್ದಾನೆ, ಇನ್ನು ಸರಿಹೋಗುವ ಮಾತಿಲ್ಲ ಎಂದಿದ್ದಾರೆ. ಹಿಡಿ ಈಗ ಅವನಿಗೆ ಏನೂ ಹೇಳುವುದಿಲ್ಲ. ನುಣುಪೋ ತರಿಯೋ ಎಂದು ತಿಳಿಯಲು ಕೆನ್ನೆಯೇ ಗತಿ. ಕೆನ್ನೆಯನ್ನು ಹೂಜಿಯೊಳಗೆ ತೂರಿಸಲಾಗದು. ಇದೆಲ್ಲವನ್ನೂ ಅವನು ನೆಲ ನೋಡುತ್ತಾ, ನಾಲ್ಕಾರು ತುಂಡು ಮಾತಿನಲ್ಲಿ ಹೇಳಿದ. ದಪ್ಪ ಅಳೆಯುವ ಕೊಂಡಿಗಳಿವೆಯಲ್ಲ ಎಂದೆ.

"ಕೊಂಡಿ ಒಂದು ಜಾಗದ ಸುದ್ದಿ ಹೇಳುತ್ತೆ. ಕೈಗೆ ಪೂರ್ತಿ ತಿಳಿಯುತ್ತೆ," ಎಂದ. ಮೊಳೆಯ ಕಡೆ ನಡೆದು, ಧೂಳು ಮೆತ್ತಿ ಕಪ್ಪಾಗಿದ್ದ ಲೋಹದ ಬಳೆಯೊಂದನ್ನು ತೆಗೆದು ಅಳತೆಬಳೆಯ ಮೇಲಿಟ್ಟ. ಎರಡರ ಒಳಸುತ್ತೂ ಕೂಡಿತು. "ನಿಂದೇ ಅಕ್ಕ. ಈಗ್ಲೂ ಆಗುತ್ತೋ ಇಲ್ವೋ ಅಂತ ಕೇಳೋಕೆ ಧೈರ್ಯ ಬರ್ಲಿಲ್ಲ. ಕೇಳಿದ್ರೆ ಯಾಕೆ ಅಂತೀಯ."

ಊರವರ ಕೈಗಳನ್ನೆಲ್ಲ ಅಳೆದು ಅನುಮಾನಪಟ್ಟವಳು ನನ್ನದೊಂದನ್ನು ಬಿಟ್ಟಿದ್ದೆ. ಚಿಕ್ಕಂದಿನಲ್ಲಿ ಜಾಡಿಯ ತಳಕ್ಕೆ ಚಮಚ ಬಿದ್ದರೆ ಮನೆಯಲ್ಲಿ ನನ್ನನ್ನೇ ಕೂಗುತ್ತಿದ್ದರು, ಅದು ಈಗ ನೆನಪಾಯಿತು. ಅಳುವೂ ಬಂತು, ಸಿಟ್ಟೂ ಬಂತು. ಎರಡು ಮಾತು ಬಾಯಿ ಬಿಟ್ಟು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಬೈದೆ. ಅವನು ಬೈಸಿಕೊಂಡ.

ಆಮೇಲೆ ಬೆಣ್ಣೆಬಣ್ಣದ ಹೂಜಿಯನ್ನು ನನ್ನ ಮುಂದೆ ಇಟ್ಟ. ಹೆಬ್ಬೆರಳನ್ನು ಅಂಗೈಗೆ ಮಡಚಿ ಕೈ ತೂರಿಸಿದೆ. ಗೆಣ್ಣಿನಲ್ಲಿ ಒಂಚೂರು ತಡೆದು, ಒಳಗೆ ಹೋಯಿತು. ಇಪ್ಪತ್ತೆರಡು ವರ್ಷ ಹೊರಗನ್ನಷ್ಟೇ ಸವರಿದ ಕೈ ಅದು. ಒಳಗೆ ತಿರುಗಿಸುತ್ತಾ ಕಂಡದ್ದನ್ನು ಕಂಡ ಹಾಗೆ ಹೇಳುತ್ತಾ ಹೋದೆ. ಇಲ್ಲಿ ದಪ್ಪ, ಇನ್ನೂ ತೆಗೆಯಬೇಕು. ಇಲ್ಲೊಂದು ದಿಣ್ಣೆ. ಇಲ್ಲಿ ಸಮ. ಹೊಟ್ಟೆಯ ಒಂದು ಬದಿಯಲ್ಲಿ ಬೆರಳು ತಟಕ್ಕನೆ ನಿಂತಿತು.

ಇಲ್ಲಿ ಕಾಗದ ಆಗಿದೆ ಕಣೋ, ಇನ್ನು ಉಳಿ ಮುಟ್ಟಿಸಿದರೆ ಇದೂ ಚೀಲಕ್ಕೇ ಎಂದೆ. ಎಲ್ಲಿ ಎಂದು ಕೇಳಿ ಹೊರಗಿನಿಂದ ಹೆಬ್ಬೆರಳಿಟ್ಟು ಹುಡುಕಿದ. ಇನ್ನೂ ಕೆಳಗೆ, ಎಡಕ್ಕೆ ಎಂದೆ. ಅವನು ಸರಿಯಾದ ಜಾಗಕ್ಕೆ ಬಂದು ಮೆಲ್ಲಗೆ ಒತ್ತಿದ. ಆ ತೆಳು ಮರದ ಆಚೆಯಿಂದ ಅವನ ಹೆಬ್ಬೆರಳು ನನ್ನ ಬೆರಳಿಗೆ ತಾಗಿದ್ದು ಸ್ಪಷ್ಟವಾಗಿ ಗೊತ್ತಾಯಿತು. ಮೊದಲೆಲ್ಲ ಬಾಯಗಲದ ಬಟ್ಟಲು ಕಡೆದಾಗ ಹೀಗೆಯೇ ಎರಡು ಬೆರಳ ನಡುವೆ ಗೋಡೆ ಹಿಡಿದು ಅವನು ದಪ್ಪ ಹೇಳುತ್ತಿದ್ದ.

"ನೀನೂ ಒಳಗಿಂದ ಒತ್ತು, ನೋಡೋಣ," ಎಂದ.

ಒತ್ತಿದೆ. ಮರ ಕೂದಲೆಳೆಯಷ್ಟು ಹೊರಗೆ ಉಬ್ಬಿ ಅವನ ಹೆಬ್ಬೆರಳನ್ನು ಮೇಲಕ್ಕೆತ್ತಿದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು. ಅವನು ಕಣ್ಣು ಮುಚ್ಚಿ ಕಾಯುತ್ತಿದ್ದ.

"ಒತ್ತಿದ್ಯಾ ಅಕ್ಕ?"

"ಇಲ್ಲ ಕಣೋ," ಎಂದೆ. "ಇನ್ನೂ ಒತ್ತಿಲ್ಲ."