ಗಿಬ್ ಎಂಬವನ ಹೆಸರು

ಭಾರ್ಗವನ ಅಂತ್ಯಕ್ರಿಯೆಯ ಮರುದಿನ ಲಂಡನ್ನಿನ ಕೆಂಟನ್ ಬಡಾವಣೆಯ ಬೀದಿಗೆ ಎಂದಿನಂತೆ ಕಸದ ಲಾರಿ ಬಂತು. ಮಾಳವಿಕಾ ಹಾಲು ಕಾಯಿಸಿದಳು, ಉಕ್ಕುವ ಮೊದಲೇ ಇಳಿಸಿದಳು. ಮೂವತ್ತೆರಡರ ಗಂಡ ಹೃದಯಾಘಾತದಿಂದ ಹೋಗಿದ್ದ; ಅವಳಿಗೆ ಅಳು ಬಂದಿರಲಿಲ್ಲ. ಐದು ವಾರದ ಮಗಳು ತನ್ಮಯಿ ಮಾತ್ರ ಮನೆಮಂದಿಯ ಪಾಲನ್ನೂ ಸೇರಿಸಿ ಅಳುತ್ತಿದ್ದಳು.

ಭಾರ್ಗವನ ಅಣ್ಣ ಪಾಂಡುರಂಗ ಹೌನ್ಸ್ಲೋದಿಂದ ಬಂದು ಜೊತೆಗಿದ್ದರು. "ನಾಳೆ ಮಗು ಹೆಸರು ರಿಜಿಸ್ಟರ್ ಮಾಡಿಸ್ಬೇಕಮ್ಮ. ಸರ್‌ನೇಮ್ ಸತ್ಯನಾರಾಯಣ ಅಂತ ಬರೆಸಿಬಿಡು. ನಮ್ಮಪ್ಪನ ಹೆಸರು, ನಮ್ಮಣ್ಣತಮ್ಮಂದಿರ ಪಾಸ್‌ಪೋರ್ಟಲ್ಲೂ ಅದೇ."

"ಅದು ನಿಮ್ಮಪ್ಪಂದು ಭಾವ. ಇವಳಿಗೆ ಇವಳಪ್ಪಂದಲ್ವಾ?"

"ಸ್ಕೂಲಲ್ಲಿ, ಆಸ್ಪತ್ರೇಲಿ ದಿನಾ ಅವನ ಹೆಸರು ಕೂಗ್ತಾರಲ್ಲಮ್ಮ. ತಡ್ಕೋತೀಯಾ?"

ಅವಳು ಮಗುವಿನ ಬಟ್ಟೆ ಮಡಚತೊಡಗಿದಳು.

ಮಧ್ಯಾಹ್ನ ಪಕ್ಕದ ಮನೆಯ ಗಿಬ್ಸನ್, ನಿವೃತ್ತ ಟ್ಯೂಬ್ ರೈಲು ಡ್ರೈವರ್, ಸೂಪಿನ ಪಾತ್ರೆ ಹಿಡಿದು ಬಂದರು. "ಮಾಂಸ ಹಾಕಿಲ್ಲ, ಆಣೆ!" ಮೇಜಿನ ಮೇಲೆ ಅವರದೇ ವಂಶವೃಕ್ಷದ ಹಾಳೆ ಹರಡಿತ್ತು. ಕಂಪ್ಯೂಟರಿಗೆ ಹಾಕಿಕೊಡುತ್ತೇನೆಂದು ಭಾರ್ಗವ ತಂದಿಟ್ಟುಕೊಂಡಿದ್ದ. ಅದರ ತುದಿಯಲ್ಲೊಂದು ಪ್ರಶ್ನೆಚಿಹ್ನೆ.

"ಇದು ಯಾರು?" ಎಂದಳು ಮಾಳವಿಕಾ.

"ಗಿಬ್. ಗಿಲ್ಬರ್ಟ್ ಎಂಬವನನ್ನು ಮನೆಯಲ್ಲಿ ಹಾಗೆ ಕರೆಯುತ್ತಿದ್ದರು. ಗಿಬ್ಸನ್ ಅಂದರೆ ಅವನ ಮಗ. ಆಗ ನಮ್ಮಲ್ಲೂ ಅಪ್ಪನ ಹೆಸರೇ ಸರ್‌ನೇಮ್, ತಲೆಮಾರಿಗೊಂದು. ಕ್ರಮೇಣ ಅದು ಬದಲಾಗೋದು ನಿಂತುಹೋಯಿತು. ನಮ್ಮ ಮನೆಯಲ್ಲಿ ಗಿಬ್ ಹತ್ತಿರ ನಿಂತಿತು. ಅವನು ಕುಡುಕನೋ ಸಂತನೋ, ದೇವರೇ ಬಲ್ಲ. ಆದರೆ ಮೊನ್ನೆ ಜಿಪಿ ಡಾಕ್ಟರ ಹತ್ತಿರ ಹೋದರೆ ಅವನ ಹೆಸರನ್ನೇ ಕೂಗಿದರು. ನಾನು ಎದ್ದು ಹೋದೆ."

"ಹೆಣ್ಣುಮಕ್ಕಳಿಗೂ ಅದೇನಾ?"

"ನಮ್ಮ ಡೊರೊಥಿ ಅತ್ತೆ ಮದುವೆಯಾಗಲಿಲ್ಲ. ಎಂಬತ್ತೊಂಬತ್ತು ವರ್ಷ ಗಿಬ್‌ನ ಮಗನಾಗಿಯೇ ಇದ್ದಳು!"

ಮಾಳವಿಕಾ ನಕ್ಕುಬಿಟ್ಟಳು. ಅಡುಗೆಮನೆಯಿಂದ ಪಾಂಡುರಂಗ ಇಣುಕಿ ನೋಡಿದರು.

ಮರುದಿನ ಕೌನ್ಸಿಲ್ ಕಚೇರಿಯಲ್ಲಿ ರಿಜಿಸ್ಟ್ರಾರ್ ಮಗುವಿನ ಸರ್‌ನೇಮ್ ಕೇಳಿದಳು.

"ಭಾರ್ಗವ."

"ಕೇಳಿಸಲಿಲ್ಲ, ಜೋರಾಗಿ ಹೇಳಿ."

ಗಂಡ ಹೋದಂದಿನಿಂದ ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳಿದಳು. ಅಕ್ಷರ ಬಿಡಿಸಿ ಮೂರನೆಯ ಸಲ ಹೇಳುವಾಗ ಧ್ವನಿ ನಡುಗಲಿಲ್ಲ. ಪಾಂಡುರಂಗ ಮಗುವನ್ನು ಎತ್ತಿಕೊಂಡರು.

ಮನೆಗೆ ಬಂದವಳೇ ಹಾಳೆಯನ್ನು ಸುರುಳಿ ಸುತ್ತಿ ಪಕ್ಕದ ಮನೆಯ ಬಾಗಿಲು ತಟ್ಟಿದಳು.

"ಭಾರ್ಗವ ಅರ್ಧ ಟೈಪ್ ಮಾಡಿದ್ದಾರೆ," ಎಂದು ಗಿಬ್ಸನ್ನರ ಕೈಗಿತ್ತಳು. "ಸೋಮವಾರ ಬನ್ನಿ. ನೀವು ಓದಿ ಹೇಳಿ, ಉಳಿದದ್ದು ನಾನು ಮಾಡ್ತೀನಿ."